ಡೆನ್ಮಾರ್ಕಿನಲ್ಲಿ ಎತ್ತಿದ ವೀಳ್ಯ

ಡೆನ್ಮಾರ್ಕಿಗೆ ಹೋಗಿ ಬಂದವಳು ಎಂದು ಗೊತ್ತಾದ ಕೂಡಲೇ ಜನ ಸಮುದ್ರ ಹೇಗಿತ್ತು, ಅರಮನೆ ಹೇಗಿತ್ತು ಎಂದು ಕೇಳುತ್ತಾರೆ. ಅಲ್ಲಿದ್ದ ಹನ್ನೆರಡು ದಿನಗಳಲ್ಲಿ ನಾನು ಅತಿ ಹೆಚ್ಚು ಹೊತ್ತು ನೋಡಿದ್ದು ಒಂದು ದುಂಡು ಮೇಜನ್ನು. ಅದರ ಸುತ್ತ ಕೂತವರಲ್ಲಿ ಯಜಮಾನ ಯಾರು ಎಂದು ಹುಡುಕುವುದರಲ್ಲೇ ನಮ್ಮ ಪ್ರವಾಸ ಮುಗಿಯಿತು.

ಆಗ ಬರೆದ ಡೈರಿ ನನ್ನ ಹತ್ತಿರ ಇದೆ. ಅದನ್ನು ಮುಂದಿಟ್ಟುಕೊಂಡೇ ಬರೆಯುತ್ತಿದ್ದೇನೆ. ಆದರೆ ಅದನ್ನು ಬರೆದವಳೂ ನಾನೇ ಆದ್ದರಿಂದ ಪೂರ್ತಿ ನಂಬುವ ಹಾಗಿಲ್ಲ. ಒಂದು ಕಡೆಯಂತೂ ಡೈರಿಗೂ ನನ್ನ ನೆನಪಿಗೂ ನೇರ ಜಗಳವೇ ಇದೆ. ಆ ಜಾಗ ಬಂದಾಗ ಹೇಳುತ್ತೇನೆ.

ಹಿರಿಯೂರು

ಎಪ್ಪತ್ತರ ದಶಕದ ನಡುವಿನ ಮಾತು. ಸಮಾಜಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ಹೊಳಲ್ಕೆರೆಯ ಮನೆಯಲ್ಲಿ ಒಂದು ವರ್ಷ ಸುಮ್ಮನೆ ಕೂತಿದ್ದು, ಆಮೇಲೆ ಹಿರಿಯೂರಿನಲ್ಲಿ ಕಂಬಳಿ ನೇಯುವವರ ಒಂದು ಸಂಘಕ್ಕೆ ಕಾರ್ಯದರ್ಶಿಯಾಗಿ ಸೇರಿದ್ದೆ. ಅಧ್ಯಕ್ಷರು ಸಿದ್ದಪ್ಪ. ಧರ್ಮಪುರದ ಕಡೆಯ ಕುರಿ ಸಾಕುವ ಮನೆತನ, ಅರವತ್ತರ ಆಸುಪಾಸಿನ ವಯಸ್ಸು. ರುಜು ಹಾಕುವಷ್ಟು ಕನ್ನಡ ಬರವಣಿಗೆ, ಸಂತೆಯಲ್ಲಿ ಜಗಳ ಬಿಡಿಸುವಷ್ಟು ತೆಲುಗು ಬರುತ್ತಿತ್ತು. ಅವರು ಯಾರಿಗಾದರೂ 'ಹೀಗೆ ಮಾಡು' ಎಂದು ಹೇಳಿದ್ದನ್ನು ನಾನು ಕೇಳಿಲ್ಲ. ಸಂಘದ ಮುಂದಿನ ಹೊಂಗೆಮರದ ಕಟ್ಟೆಯ ಮೇಲೆ ಕೂರುತ್ತಿದ್ದರು, ಅಷ್ಟೇ. ಕೆಲಸಗಳು ಆಗುತ್ತಿದ್ದವು.

ನಮ್ಮ ಸಂಘಕ್ಕೆ ಡೆನ್ಮಾರ್ಕಿನ ಒಂದು ಕಾರ್ಖಾನೆಯಿಂದ ಉಣ್ಣೆ ಹಿಂಜುವ ಯಂತ್ರ ನೆರವಿನ ರೂಪದಲ್ಲಿ ಬಂದಿತ್ತು. ನೋಡಲು ಹೊಸದುರ್ಗದಿಂದಲೂ ನೇಕಾರರು ಬಸ್ಸು ಮಾಡಿಕೊಂಡು ಬಂದಿದ್ದರು. ಮೂರು ತಿಂಗಳು ಓಡಿದ ಮೇಲೆ ಒಳಗಿನ ಒಂದು ಹಲ್ಲುಚಕ್ರ ಸೀಳಿತು. ಅಲ್ಲಿಗೆ ಯಂತ್ರ ನಿಂತಿತು. ಹೊಸ ಚಕ್ರ ಕೇಳಿ ನಾನು ನಾಲ್ಕು ಕಾಗದ ಬರೆದೆ. ನಾಲ್ಕಕ್ಕೂ ಉತ್ತರ ಬಂತು. ನಾಲ್ಕರಲ್ಲೂ ಒಂದೇ ಮಾತು: ತಮ್ಮ ವಿಷಯವನ್ನು ಎಲ್ಲರೂ ಕೂತು ಚರ್ಚಿಸುತ್ತಿದ್ದೇವೆ.

ಯಂತ್ರ ಬರುವ ಮೊದಲು ಉಣ್ಣೆ ಹಿಂಜುತ್ತಿದ್ದುದು ಓಬಳಪ್ಪ ಎಂಬವರ ಬಿಲ್ಲು. ಮೂಲೆ ಸೇರಿದ್ದ ಬಿಲ್ಲನ್ನು ಅವರು ಮತ್ತೆ ಒರೆಸಿ ಹೊರಗೆ ತಂದರು. ಸುಮ್ಮನೆ ತರಲಿಲ್ಲ, ಸಭೆ ನಡೆಯುವಾಗಲೇ ಹೆಗಲ ಮೇಲೆ ಹೊತ್ತು ತಂದರು.

"ನನ್ ಬಿಲ್ಲಿನ ನಾರಿ ಹರಿದ್ರೆ ಕುರಿ ನರ ತಂದು ಕಟ್ಕಂತೀನಿ. ನಿಮ್ ಚಕ್ರ ಸೀಳಿದ್ರೆ ಯಾವ ಕುರಿ ಕುಯ್ತೀರಿ, ಅಧ್ಯಕ್ಷರೇ?"

ಎಲ್ಲರೂ ನಕ್ಕರು. ಸಿದ್ದಪ್ಪನವರು ನಗಲಿಲ್ಲ, ಬೈಯಲೂ ಇಲ್ಲ. ಒಂದು ತಟ್ಟೆಯಲ್ಲಿ ಎರಡು ವೀಳ್ಯದೆಲೆ, ಒಂದು ಅಡಿಕೆ ಇಟ್ಟು ನಡುವೆ ತಂದಿಡುವಂತೆ ಕಣ್ಣಲ್ಲೇ ಹೇಳಿದರು.

ಈ ಪದ್ಧತಿ ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮ ಸಂಘದಲ್ಲಿ ದೊಡ್ಡ ಕೆಲಸವನ್ನು ಯಾರಿಗೂ ವಹಿಸುವುದಿಲ್ಲ. ಕೆಲಸ ಏನೆಂದು ಹೇಳಿ ತಟ್ಟೆಯನ್ನು ನಡುವೆ ಇಡುತ್ತಾರೆ. ಯಾರಾದರೂ ವೀಳ್ಯ ಎತ್ತುವವರೆಗೂ ಕಾಯುತ್ತಾರೆ. ಎತ್ತಿ ಬಾಯಿಗೆ ಹಾಕಿಕೊಂಡವನದು ಆ ಕೆಲಸ. ಆಮೇಲೆ ಅವನನ್ನು ಯಾರೂ ಕೇಳುವುದಿಲ್ಲ, ಜ್ಞಾಪಿಸುವುದಿಲ್ಲ. ಆದರೆ ಹೇಳಿದ ದಿನಕ್ಕೆ ಕೆಲಸ ಆಗದಿದ್ದರೆ ಅವನು ಕಟ್ಟೆಯಿಂದ ಕೆಳಗೆ ಇಳಿಯಬೇಕು. ಮತ್ತೆ ಯಾವ ಸಭೆಯಲ್ಲೂ ಕೂರುವ ಹಾಗಿಲ್ಲ, ನಿಂತೇ ಇರಬೇಕು. ಹಾಗೆ ಬಾವಿಯ ಹೂಳು ತೆಗೆಸುತ್ತೇನೆಂದು ಎತ್ತಿ ತೆಗೆಸದ ಒಬ್ಬರು, ಮಗಳ ನಿಶ್ಚಿತಾರ್ಥದ ಮಾತುಕತೆಯಲ್ಲೂ ಹೊಂಗೆಮರಕ್ಕೆ ಒರಗಿ ನಿಂತೇ ಇದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬೀಗರು ಮಾತ್ರ ಕೂತಿದ್ದರು.

ಚಕ್ರ ತರುವ ವೀಳ್ಯ ತುಂಬ ಹೊತ್ತು ಹಾಗೇ ಇತ್ತು. ಕೊನೆಗೆ ಸಿದ್ದಪ್ಪನವರೇ ಎತ್ತಿದರು.

"ದೀಪಾವಳಿ ಒಳಗೆ ಚಕ್ರ ತಿರುಗ್ತೈತೆ," ಎಂದರು. ದೀಪಾವಳಿ ಹೊತ್ತಿಗೆ ಹೊಸದಾಗಿ ಕತ್ತರಿಸಿದ ಉಣ್ಣೆ ಬರುತ್ತದೆ. ಹಳೆಯದೇ ಇನ್ನೂ ಕೋಣೆಯ ತುಂಬ ಬಿದ್ದಿತ್ತು.

ಅದಾಗಿ ಕೆಲವೇ ದಿನಕ್ಕೆ ಅದೇ ಕಾರ್ಖಾನೆಯಿಂದ ಐದನೆಯ ಕಾಗದ ಬಂತು. ಅದು ಚಕ್ರದ ವಿಷಯವಲ್ಲ. ತಮ್ಮ ಯಂತ್ರ ಪಡೆದ ದೇಶಗಳ ಸಂಘಗಳ ಮುಖ್ಯಸ್ಥರನ್ನು ಕರೆಸಿ, ಆಡಳಿತ ನಡೆಸುವುದು ಹೇಗೆ, ನಾಯಕ ಎನ್ನುವವನು ಹೇಗಿರಬೇಕು ಎಂದು ಕಲಿಸುತ್ತಾರಂತೆ. ಜೊತೆಗೆ ಇಂಗ್ಲಿಷ್ ಬಲ್ಲ ಒಬ್ಬರು ಬರಬಹುದಂತೆ.

"ಕಲ್ಯಾಕಲ್ಲ ಸೆಕ್ರೆಟ್ರಮ್ಮ," ಎಂದರು ಸಿದ್ದಪ್ಪ. "ಕಾಗದಕ್ಕೆ ಮುಖ ಇಲ್ಲ. ಮುಖ ನೋಡಿ ಕೇಳಿದ್ರೆ ಇಲ್ಲ ಅನ್ನಾಕೆ ಆಗಾಕಿಲ್ಲ. ಹೋಗಾಣ."

ಚಿತ್ರದುರ್ಗ

ಪಾಸ್‌ಪೋರ್ಟಿಗೆ ಫೋಟೋ ತೆಗೆಸಲು ಚಿತ್ರದುರ್ಗಕ್ಕೆ ಹೋದೆವು. ಫೋಟೋದವನು ರುಮಾಲು ತೆಗೆಯಬೇಕೆಂದ.

"ತೆಗೆದ್ರೆ ಅದು ನಾನಲ್ಲ, ನಮ್ಮಪ್ಪ," ಎಂದರು ಸಿದ್ದಪ್ಪ. ನಿಜವಾಗಿಯೂ ಬೋಳುತಲೆಯಲ್ಲಿ ಅವರು ತಮ್ಮ ತಂದೆಯ ಹಾಗೆ ಕಾಣುತ್ತಾರೆಂದು ಊರಿನವರ ನಂಬಿಕೆ. ಕೊನೆಗೆ ತೆಗೆದರು. ಅಂದಿನಿಂದ ಪ್ರವಾಸದ ಉದ್ದಕ್ಕೂ ಅಧಿಕಾರಿಗಳು ಪಾಸ್‌ಪೋರ್ಟಿನ ಫೋಟೋ ನೋಡುವುದು, ಇವರ ಮುಖ ನೋಡುವುದು, ಮತ್ತೆ ಫೋಟೋ ನೋಡುವುದು. ಇವರು ಎರಡೂ ಕೈಯಲ್ಲಿ ರುಮಾಲು ಎತ್ತಿ, "ನಮ್ಮಪ್ಪನೂ ಬಂದವ್ನೆ, ನೋಡ್ಕಳ್ರಿ," ಎನ್ನುವುದು ನಡೆದೇ ಇತ್ತು. ನಾನು ಅದನ್ನು ಯಾರಿಗೂ ಅನುವಾದಿಸಲಿಲ್ಲ. ಅನುವಾದಿಸದೆ ಬಿಡುವ ಅಭ್ಯಾಸ ನನಗೆ ಅಲ್ಲಿಂದಲೇ ಹತ್ತಿತೇನೋ.

ಬೊಂಬಾಯಿ, ಆಮೇಲೆ ಆಕಾಶ

ಸಿದ್ದಪ್ಪನವರ ಸಾಮಾನು ಇಷ್ಟು: ಮೂರು ಕಂಬಳಿ, ಒಂದು ಚೀಲ ರಾಗಿ ಹುರಿಹಿಟ್ಟು, ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಕಟ್ಟು ವೀಳ್ಯದೆಲೆ, ಮತ್ತೆ ಅಡಿಕೆ. ವಿಮಾನ ಹತ್ತಿದ ಮೇಲೆ ಅವರು ಕೇಳಿದ ಮೊದಲ ಪ್ರಶ್ನೆ ಇದರ ಯಜಮಾನ ಎಲ್ಲಿ ಎಂದು. ಮುಂದೆ ಒಂದು ಬಾಗಿಲ ಹಿಂದೆ ಕೂತಿರುತ್ತಾನೆ, ಕಾಣುವುದಿಲ್ಲ ಎಂದೆ. ಅವರಿಗೆ ತುಂಬ ಹಿಡಿಸಿತು.

"ಮುಖಾನೇ ತೋರಿಸ್ದಲೆ ಇಷ್ಟು ಜನಾನ ಹೊಡ್ಕಂಡು ಹೋಗ್ತಾನೆ ನೋಡ್ರಿ. ಒಬ್ರೂ ತಪ್ಪಿಸ್ಕಣಾಕೆ ಹೋಗಲ್ಲ."

ಇಳಿದ ಮೇಲೆ ಸುಂಕದ ಅಧಿಕಾರಿ ಒದ್ದೆ ಬಟ್ಟೆಯ ಕಟ್ಟು ಬಿಚ್ಚಿಸಿದ. ಇವು ಏನು ಎಂದ. ಏನಂತಾನೆ ಎಂದು ಸಿದ್ದಪ್ಪನವರು ನನ್ನನ್ನು ಕೇಳಿದರು. ಹೇಳಿದೆ. "ಮಾತು ಅಂತ ಹೇಳ್ರಿ," ಎಂದರು. ನಾನು ಒಂದು ಕ್ಷಣ ಯೋಚಿಸಿ, ಇವು ಒಪ್ಪಂದ ಮಾಡಿಕೊಳ್ಳಲು ಬೇಕಾದ ಕಚೇರಿಯ ಸಾಮಾನು ಎಂದೆ. ಆತ ಒಂದು ಎಲೆಯನ್ನು ಬೆಳಕಿಗೆ ಹಿಡಿದು ಎರಡೂ ಬದಿ ನೋಡಿದ. ಸಹಿ ಹಾಕುವ ಜಾಗ ಹುಡುಕುತ್ತಿದ್ದನೋ ಏನೋ. ಆಮೇಲೆ ಮರ್ಯಾದೆಯಿಂದ ಮಡಿಸಿ ವಾಪಸು ಕೊಟ್ಟ.

ಮೊದಲ ದಿನ

ಕಾರ್ಖಾನೆ ಇದ್ದುದು ಸಮುದ್ರದ ಪಕ್ಕದ ಚಿಕ್ಕ ಊರಿನಲ್ಲಿ. ರೈಲಿನಿಂದ ಇಳಿದಾಗ ಸೈಕಲ್ ಹಿಡಿದು ನಿಂತಿದ್ದ ಒಬ್ಬ ಎತ್ತರದ ಮನುಷ್ಯ ನಮ್ಮ ಟ್ರಂಕನ್ನು ಸೈಕಲ್ಲಿನ ಹಿಂದೆ ಕಟ್ಟಿ ತಳ್ಳಿಕೊಂಡು ಹೊರಟರು. ಅವರೇ ಕಾರ್ಖಾನೆಯ ನಿರ್ದೇಶಕರು, ಹೆನ್ರಿಕ್. ಇದನ್ನು ಹೇಳಿದಾಗ ಸಿದ್ದಪ್ಪನವರು ನಡುದಾರಿಯಲ್ಲಿ ನಿಂತುಬಿಟ್ಟರು.

"ಸುಳ್ಳು. ಯಜಮಾನ ಟ್ರಂಕು ಹೊತ್ರೆ ಹೊರೋನು ಏನ್ ಮಾಡ್ಬೇಕು?"

ಮಧ್ಯಾಹ್ನ ಊಟದ ಕೋಣೆಯಲ್ಲಿ ಇನ್ನೂ ಕೆಟ್ಟದ್ದಾಯಿತು. ಹೆನ್ರಿಕ್ ಊಟ ಮಾಡಿ ತಮ್ಮ ತಟ್ಟೆಯನ್ನು ತಾವೇ ತೊಳೆದರು. ಪಕ್ಕದಲ್ಲಿ ಕೂತ ಕೆಲಸಗಾರ ಅವರನ್ನು ಏಕವಚನದಲ್ಲೇ ಹೆಸರು ಹಿಡಿದು ಕರೆದು ಉಪ್ಪು ಕೇಳಿದ. ಅವರು ಎದ್ದು ತಂದುಕೊಟ್ಟರು. ಸಿದ್ದಪ್ಪನವರು ಹುರಿಹಿಟ್ಟು ಕಲಸುವುದನ್ನು ಬಿಟ್ಟು, ಇಡೀ ಕೋಣೆಯಲ್ಲಿ ತಟ್ಟೆ ತೊಳೆಯದವನು ಯಾರು ಎಂದು ಹುಡುಕತೊಡಗಿದರು. ಒಬ್ಬ ಸಿಕ್ಕ. ಊಟ ಮುಗಿಸಿ, ತಟ್ಟೆ ಅಲ್ಲೇ ಬಿಟ್ಟು, ಯಾರ ಜೊತೆಗೂ ಮಾತಾಡದೆ ಎದ್ದು ಹೊರಟಿದ್ದ.

"ಅವ್ನೇ. ಬರ್ರಿ."

ನಾವು ಅವನನ್ನು ಹಿಂಬಾಲಿಸಿ ಓಣಿಯಲ್ಲಿ ಹಿಡಿದೆವು. ಸಿದ್ದಪ್ಪನವರು ಒಂದು ಕಂಬಳಿ ಹೊದಿಸಿ, ಕೈಮುಗಿದು, ಚಕ್ರದ ಕಥೆಯನ್ನು ಮೊದಲಿನಿಂದ ಕೊನೆವರೆಗೆ ಹೇಳಿದರು. ನಾನು ಅನುವಾದಿಸಿದೆ. ಆತ ತುಂಬ ಗಮನವಿಟ್ಟು ಕೇಳಿದ. ಕೊನೆಗೆ ತನಗೆ ಬಹಳ ಬೇಸರವಾಯಿತೆಂದೂ, ತಾನು ಪಕ್ಕದ ಊರಿನಿಂದ ದೀಪ ರಿಪೇರಿಗೆ ಬಂದವನೆಂದೂ ಹೇಳಿದ. ಕಂಬಳಿ ವಾಪಸು ಕೇಳುವುದು ಹೇಗೆಂದು ತಿಳಿಯದೆ ನಾವು ಕೇಳಲಿಲ್ಲ.

ಸಂಜೆ ದುಂಡು ಮೇಜಿಗೆ ಕರೆದರು. ನಮ್ಮ ಚಕ್ರ ಉಗ್ರಾಣದಲ್ಲೇ ಇದೆ ಎಂದು ಹೆನ್ರಿಕ್ ಸಂತೋಷದಿಂದ ತಿಳಿಸಿದರು. ತಂತಿ ಜಾಲರಿಯ ಹಿಂದೆ, ಮೂರನೇ ಹಲಗೆಯ ಮೇಲೆ, ಸಿದ್ಧವಾಗಿದೆ. ಹಾಗಾದರೆ ಕೊಡಿ ಎಂದೆವು. ಅದು ಹಾಗಲ್ಲ ಎಂದರು. ಅದೇ ಚಕ್ರ ಕೊಟ್ಟರೆ ಮತ್ತೆ ಸೀಳಬಹುದು ಎಂದು ಒಬ್ಬರ ಅಭಿಪ್ರಾಯ. ನಿಮ್ಮ ಉಣ್ಣೆಯೇ ಒರಟು, ಯಂತ್ರವನ್ನೇ ಬದಲಿಸಬೇಕು ಎಂದು ಇನ್ನೊಬ್ಬರದು. ಎಲ್ಲರೂ ಒಪ್ಪದೆ ಇಲ್ಲಿ ಏನೂ ಹೊರಗೆ ಹೋಗುವುದಿಲ್ಲ.

"ನೀವು ನಿರ್ದೇಶಕರಲ್ಲವೇ? ನೀವೇ ಹೇಳಬಹುದಲ್ಲ?" ಎಂದೆ.

ಹೆನ್ರಿಕ್ ಮುಖ ಕೆಂಪಾಯಿತು. ನಾನೇನೋ ಕೆಟ್ಟ ಮಾತಾಡಿದೆ ಎನ್ನುವ ಹಾಗೆ ಎಲ್ಲರೂ ಮೇಜು ನೋಡಿದರು. ಮೇಜಿನ ಆಚೆ, ಬಾಗಿಲ ಪಕ್ಕ, ಉಗ್ರಾಣದ ಕೀಲಿ ಸೊಂಟಕ್ಕೆ ಕಟ್ಟಿಕೊಂಡ ಯೆನ್ಸ್ ಎಂಬ ಸಣಕಲು ಮನುಷ್ಯರೊಬ್ಬರು ಕೂತಿದ್ದರು. ಅವರು ಮಾತ್ರ ನನ್ನನ್ನು ನೋಡಿದರು. ಹನ್ನೊಂದನೇ ದಿನದ ತನಕ ಯಾವ ಸಭೆಯಲ್ಲೂ ಅವರನ್ನು ಯಾರೂ ಏನೂ ಕೇಳಲಿಲ್ಲ.

ನಾಲ್ಕನೇ ದಿನ

ಬೆಳಿಗ್ಗೆ ಹತ್ತಕ್ಕೆ ಚಕ್ರದ ಸಭೆ, ಆಮೇಲೆ ನಾಯಕತ್ವದ ಪಾಠ. ಪಾಠ ಮಾಡುವವರೂ ಹೆನ್ರಿಕ್ಕೇ. ಕೆನ್ಯಾದಿಂದ ಒಬ್ಬರು, ಪೆರು ದೇಶದಿಂದ ಒಬ್ಬರು, ನಾವಿಬ್ಬರು. ಮೊದಲು ಒಂದು ಹಾಳೆ ಕೊಟ್ಟರು. ನೀವು ಅಪ್ಪಣೆ ಕೊಡುವ ನಾಯಕರೋ, ಎಲ್ಲರನ್ನೂ ಕೇಳುವ ನಾಯಕರೋ? ಒಂದರಿಂದ ಹತ್ತರೊಳಗೆ ಗುರುತು ಹಾಕಿ.

ಸಿದ್ದಪ್ಪನವರು ಪೆನ್ಸಿಲ್ ಹಿಡಿದು ಯೋಚಿಸಿದರು. "ಯಾವ ಹೊತ್ತಿನಾಗೆ ಅಂತ ಕೇಳ್ರಿ."

"ಅಂದರೆ?" ಎಂದೆ.

"ತೋಳ ಬಂದಾಗ ಒಂಥರ. ಮದ್ವೆ ಮಾತಾಡ್ವಾಗ ಒಂಥರ. ನಮ್ ಮನೆಯಾಕೆ ಮುಂದೆ ಇನ್ನೊಂಥರ. ಮೂರು ಹಾಳೆ ಕೊಡಾಕೆ ಹೇಳ್ರಿ."

ಹೆನ್ರಿಕ್ ನಿಜವಾಗಿಯೂ ಇನ್ನೆರಡು ಹಾಳೆ ತಂದುಕೊಟ್ಟರು. ಅದನ್ನು ನೋಡಿ ಸಿದ್ದಪ್ಪನವರಿಗೆ ಆ ಮನುಷ್ಯನ ಮೇಲೆ ಮೊದಲ ಸಲ ಸ್ವಲ್ಪ ಗೌರವ ಬಂದಂತೆ ಕಂಡಿತು.

ಆಮೇಲೆ ಒಂದು ಆಟ. ಕಾಗದದ ಕೊಳವೆಗಳನ್ನು ಕೊಟ್ಟು, ನಾಯಕನನ್ನು ಆರಿಸಿಕೊಳ್ಳದೆ ಎಲ್ಲರೂ ಸೇರಿ ಅರ್ಧ ಗಂಟೆಯಲ್ಲಿ ಗೋಪುರ ಕಟ್ಟಬೇಕು. ಸಿದ್ದಪ್ಪನವರು ಕೈಕಟ್ಟಿ ಕೂತರು, ಯಾರಾದರೂ ತಾವಾಗಿ ಮುಂದೆ ಬರಲಿ ಎಂದು. ಹಿರಿಯರು ಕೂತಿರುವಾಗ ತಾವು ಕೈ ಹಾಕುವುದು ಸರಿಯಲ್ಲವೆಂದು ಕೆನ್ಯಾದವರು ಕೈಕಟ್ಟಿದರು. ಇಬ್ಬರೂ ಪ್ರಾರ್ಥನೆ ಮಾಡುತ್ತಿದ್ದಾರೆ ಎಂದುಕೊಂಡು ಪೆರುವಿನವರು ಕಣ್ಣು ಮುಚ್ಚಿದರು. ಅರ್ಧ ಗಂಟೆ ಹಾಗೇ ಕಳೆಯಿತು. ಪಕ್ಕದ ಕೋಣೆಯಲ್ಲಿ ಅದೇ ಆಟ ಆಡಿದ ಅಲ್ಲಿನ ಕೆಲಸಗಾರರು ಎದೆಯೆತ್ತರದ ಗೋಪುರ ಕಟ್ಟಿ, ಅದು ಯಾರ ಯೋಚನೆ ಎಂದು ಜಗಳವಾಡಿ ಕೆಡವಿದ್ದರು. ಜಗಳವಾಡದ ತಂಡವೆಂದು ಹೆನ್ರಿಕ್ ನಮ್ಮನ್ನು ಮೆಚ್ಚಿ ಚಪ್ಪಾಳೆ ತಟ್ಟಿದರು.

ಅವತ್ತು ಸಂಜೆ ವಸತಿಗೃಹಕ್ಕೆ ಹೋದ ಸಿದ್ದಪ್ಪನವರು ಗಾಬರಿಯಿಂದ ನನ್ನನ್ನು ಕೂಗಿದರು. ಸ್ನಾನದ ಮನೆಯಲ್ಲಿ ಒದ್ದೆ ಬಟ್ಟೆ ಹಾಸಿ ಇಟ್ಟಿದ್ದ ಎಲೆಗಳಿರಲಿಲ್ಲ. ಕೋಣೆ ಗುಡಿಸುವ ಹೆಂಗಸು ಅವನ್ನು ತೊಳೆದು, ಗಾಜಿನ ಹೂದಾನಿಯಲ್ಲಿ ನೀರು ಹಾಕಿ ಚೆಂದವಾಗಿ ಜೋಡಿಸಿ ಕಿಟಕಿಯಲ್ಲಿ ಇಟ್ಟಿದ್ದಳು. ಪಕ್ಕದಲ್ಲಿ ಒಂದು ಗುಲಾಬಿಯನ್ನೂ ಸಿಕ್ಕಿಸಿದ್ದಳು. "ಮಾತನ್ನ ಹೂವಿನ ಥರ ಇಟ್ಟವ್ಳೆ," ಎಂದು ಸಿದ್ದಪ್ಪನವರು ಗುಲಾಬಿಯನ್ನು ತೆಗೆದು ನನ್ನ ಕೈಗೆ ಕೊಟ್ಟರು. ಒಂದು ವಿಷಯ ಒಪ್ಪಿಕೊಳ್ಳಬೇಕು: ನೀರಿನಲ್ಲಿ ಎಲೆ ಇನ್ನೂ ಚೆನ್ನಾಗಿ ಉಳಿದವು.

ಹನ್ನೊಂದನೇ ದಿನ

ನಾಳೆ ಹೊರಡಬೇಕು. ಹತ್ತು ಸಭೆ ಆಗಿತ್ತು. ಎಲ್ಲರೂ ನಮ್ಮ ಮೇಲೆ ಪ್ರೀತಿ ಇಟ್ಟಿದ್ದರು. ಚಕ್ರ ಮಾತ್ರ ಮೂರನೇ ಹಲಗೆಯ ಮೇಲೆಯೇ ಇತ್ತು. ನಾನು ದಿನಾ ಹೋಗುವಾಗ ಬರುವಾಗ ಜಾಲರಿಯಾಚೆ ಅದನ್ನು ನೋಡುತ್ತಿದ್ದೆ. ಸಿದ್ದಪ್ಪನವರು ಹೊಂಗೆಮರಕ್ಕೆ ಒರಗಿ ನಿಂತಿರುವುದೂ ಜೊತೆಗೇ ಕಾಣುತ್ತಿತ್ತು.

ಹನ್ನೊಂದನೆಯ ಸಭೆ ಎರಡು ಗಂಟೆ ನಡೆಯಿತು. ಬೇಗ ಒಂದು ತೀರ್ಮಾನಕ್ಕೆ ಬರಬೇಕು ಎಂಬ ಬಗ್ಗೆ ಎಲ್ಲರೂ ಒಪ್ಪಿದರು. ಹಾಗೆ ಒಪ್ಪಿದ್ದಕ್ಕೆ ಒಬ್ಬರಿಗೊಬ್ಬರು ಸಂತೋಷ ಹೇಳಿಕೊಂಡು ಕಾಫಿ ಹಾಕಿಕೊಂಡರು. ಆಗ ಸಿದ್ದಪ್ಪನವರು ಎದ್ದು, ಒಂದು ಕಪ್ಪಿನ ತಳದ ಸಾಸರನ್ನು ಒರೆಸಿ, ಮಡಿಲಿನಿಂದ ಎರಡು ಎಲೆ, ಒಂದು ಅಡಿಕೆ ತೆಗೆದಿಟ್ಟು, ದುಂಡು ಮೇಜಿನ ನಡುವೆ ಸರಿಸಿದರು. ಕೈಕಟ್ಟಿ ಕೂತರು.

"ಹೇಳ್ರಿ ಸೆಕ್ರೆಟ್ರಮ್ಮ. ದೀಪಾವಳಿ ಒಳಗೆ ಚಕ್ರ ತಂದು ಹಿರಿಯೂರಾಗೆ ಕೂರಿಸಾ ಕೆಲ್ಸ. ಎತ್ತಿದೋರ್ದು."

ಜಗಳ ಇರುವುದು ಇಲ್ಲೇ. ಡೈರಿಯಲ್ಲಿ ಹೀಗಿದೆ: 'ನಾನು ಪದ್ಧತಿಯನ್ನು ವಿವರಿಸಿದೆ. ಎಲ್ಲರೂ ಕೇಳಿಸಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಯೆನ್ಸ್ ಎತ್ತಿದರು.' ಅಕ್ಷರ ದುಂಡಗಿವೆ, ಒಂದೂ ತಿದ್ದಿಲ್ಲ. ನೆನಪು ಬೇರೆ ಹೇಳುತ್ತದೆ. ವೀಳ್ಯಕ್ಕೆ ಸರಿಯಾದ ಇಂಗ್ಲಿಷ್ ಮಾತು ಸಿಗದೆ ನಾನು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದೆ. ಅತಿಥಿ ಕೊಟ್ಟ ತಿಂಡಿಯನ್ನು ಯಾರೂ ಮುಟ್ಟದೆ ಬಿಟ್ಟರೆ ಮುದುಕರಿಗೆ ಬೇಸರವಾದೀತು ಎನ್ನುವ ಮುಖದಲ್ಲಿ ಯೆನ್ಸ್ ಬಾಗಿಲ ಪಕ್ಕದಿಂದ ಎದ್ದು ಬಂದು ಎತ್ತಿ ಬಾಯಿಗೆ ಹಾಕಿಕೊಂಡರು. ಎರಡೂ ಎಲೆ, ಇಡೀ ಅಡಿಕೆ. ಆಮೇಲೆ ನಾನು ವಿವರಿಸಿದೆ. ಅಥವಾ ಅವರು ಎತ್ತುವುದನ್ನು ನೋಡಿಯೇ ವಿವರಿಸುವುದನ್ನು ತಡಮಾಡಿದೆನೋ? ಇದನ್ನು ನಾನು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ.

"ಆಯ್ತು," ಎಂದರು ಸಿದ್ದಪ್ಪ. ಹನ್ನೊಂದು ದಿನದಲ್ಲಿ ಮೊದಲ ಸಲ ಬೆನ್ನನ್ನು ಕುರ್ಚಿಗೆ ಒರಗಿಸಿದರು.

ಏನಾಯಿತು ಎಂದು ಹೆನ್ರಿಕ್ ಕೇಳಿದರು. ನಾನು ಹೇಳಿದೆ. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಗೊತ್ತಿಲ್ಲದೆ ತಿಂದರೆ ಅದು ಒಪ್ಪಿದ ಹಾಗೆಯೇ? ಒಬ್ಬ ಎತ್ತಿದರೆ ಎಲ್ಲರೂ ಎತ್ತಿದಂತೆಯೇ? ಉಗುಳಿದರೆ ಬಿಡುಗಡೆ ಉಂಟೇ? ಅದನ್ನೂ ಸಭೆಯಲ್ಲಿ ಚರ್ಚಿಸಬೇಕು ಎಂದಾಯಿತು. ಒಂದು ಗಂಟೆ ಚರ್ಚಿಸಿದರು. ಅಷ್ಟು ಹೊತ್ತೂ ಯೆನ್ಸ್ ಅಗಿಯಲಾರದ ಅಡಿಕೆಯನ್ನು ಮರ್ಯಾದೆಗಾಗಿ ಒಂದು ಕೆನ್ನೆಯಲ್ಲಿ ಇಟ್ಟುಕೊಂಡು ಕೂತಿದ್ದರು. ಕೊನೆಗೆ ಯಾರೋ ಅವರ ಅಭಿಪ್ರಾಯ ಕೇಳಿದರು.

ಯೆನ್ಸ್ ಅಡಿಕೆಯನ್ನು ಇನ್ನೊಂದು ಕೆನ್ನೆಗೆ ದಾಟಿಸಿದರು.

"ನಾನು ತಿಂದಾಗಿದೆ," ಎಂದರು.

ಆದರೂ ತೀರ್ಮಾನವಾಗದ್ದರಿಂದ ಚಕ್ರ ಉಗ್ರಾಣದಿಂದ ಹೊರಗೆ ಬರುವಂತಿರಲಿಲ್ಲ. ಮರುದಿನ ನಾವು ಬರಿಗೈಯಲ್ಲಿ ರೈಲು ಹತ್ತಿದೆವು. "ಯಜಮಾನ್ರೇ, ಚಕ್ರ?" ಎಂದೆ.

"ಎತ್ತವ್ರೆ. ಇನ್ ಕೇಳಬಾರ್ದು," ಎಂದರು ಸಿದ್ದಪ್ಪ.

ಮತ್ತೆ ಹಿರಿಯೂರು

ಕಟ್ಟೆಯ ಹತ್ತಿರ ಜನ ಸೇರಿದ್ದರು. ಓಬಳಪ್ಪನವರೇ ಮೊದಲು ಕೇಳಿದ್ದು.

"ಏನ್ ತಂದ್ರಿ ಅಧ್ಯಕ್ಷರೇ, ಸೀಮೆಯಿಂದ?"

"ಮಾತು ತಂದೀವಿ."

"ಮಾತಿನಾಗೆ ಉಣ್ಣೆ ಹಿಂಜಾದು ಅಲ್ಲಿ ಕಲ್ತ್ರಾ? ನಮ್ಗೂ ಒಸಿ ತೋರಿಸ್ರಿ!"

ಅಂದಿನಿಂದ ಹಬ್ಬದ ತನಕ ಅದೇ ಮಾತು. ಯಾರಾದರೂ ಬೀಡಿಗೆ ಬೆಂಕಿ ಕೇಳಿದರೆ, "ತಡಿ, ಡೆನ್ಮಾರ್ಕಿನೋನು ತರ್ತಾನೆ," ಎನ್ನುವರು. ಕಾಗದ ಬರೆಯಲೇ ಎಂದು ನಾನು ಕೇಳಿದ್ದಕ್ಕೆ ಸಿದ್ದಪ್ಪನವರು, ವೀಳ್ಯ ಎತ್ತಿದವನಿಗೆ ಜ್ಞಾಪಿಸುವುದು ಬೈಗುಳಕ್ಕಿಂತ ಕೀಳು ಎಂದರು. ಆದರೆ ದಿನ ಕಳೆದಂತೆ ಅವರು ಕಟ್ಟೆಯ ನಡುವಿನಿಂದ ಸ್ವಲ್ಪ ಸ್ವಲ್ಪ ಅಂಚಿಗೆ ಸರಿಯುತ್ತಿದ್ದರು. ನೀರು ತುಂಬುವ ಹಬ್ಬದ ಬೆಳಿಗ್ಗೆ ಒಂದು ಕಾಲು ಕೆಳಗೆ ಇಳಿಬಿಟ್ಟು ಕೂತಿದ್ದರು. ಓಬಳಪ್ಪನವರು ಕೂಡ ಅವತ್ತು ಹಾಸ್ಯ ಮಾಡಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ತಂದಿತು.

ಮಧ್ಯಾಹ್ನ ಹೆದ್ದಾರಿಯ ಬಸ್ಸೊಂದು ಸಂಘದ ಮುಂದೆ ನಿಲ್ಲಬಾರದ ಜಾಗದಲ್ಲಿ ನಿಂತಿತು. ಕಂಡಕ್ಟರು ಅರ್ಧ ದೇಹ ಹೊರಗೆ ಹಾಕಿ ಕೂಗಿದ. "ಯಾರ್ರೀ ಕಂಬ್ಳಿ ಸಂಘದೋರು? ನಿಮ್ದೊಂದು ಬಿಳೀ ಸಾಮಾನು ಐತೆ, ಇಳಿಸ್ಕಳ್ರಿ!"

ಯೆನ್ಸ್ ಇಳಿದರು. ಮೂಗು ಬಿಸಿಲಿಗೆ ಸುಲಿದಿತ್ತು. ಹೆಗಲ ಚೀಲದೊಳಗೆ ಉಣ್ಣೆ ಸ್ವೆಟರಿನಲ್ಲಿ ಸುತ್ತಿದ ಚಕ್ರ ಇತ್ತು.

ಕೊನೆಗೂ ಎಲ್ಲರೂ ಒಪ್ಪಿದರೇ ಎಂದು ಕೇಳಿದೆ. ಇಲ್ಲ, ಸಭೆ ಇನ್ನೂ ನಡೆಯುತ್ತಿದೆ ಎಂದರು. ಅವರು ವರ್ಷದ ರಜೆ ಹಾಕಿ ಬಂದಿದ್ದರು. ಉಗ್ರಾಣದ ಪುಸ್ತಕದಲ್ಲಿ ಕೊಟ್ಟವರು, ತೆಗೆದುಕೊಂಡವರು ಎಂದು ಎರಡು ಕಡೆ ರುಜು ಬೇಕು. ಎರಡು ಕಡೆಯೂ ತಾವೇ ಹಾಕಿದ್ದರಂತೆ.

ಸಿದ್ದಪ್ಪನವರು ಕೆಳಗೆ ಬಿಟ್ಟಿದ್ದ ಕಾಲನ್ನು ಮೇಲೆ ಎತ್ತಿ, ಕಟ್ಟೆಯ ನಡುವೆ ಸರಿದು, ಪಕ್ಕದ ಜಾಗವನ್ನು ಕೈಯಲ್ಲಿ ತಟ್ಟಿದರು. "ಕುಂತ್ಕಳ್ರಿ."

ಸಂಜೆಯೊಳಗೆ ಚಕ್ರ ಕೂತಿತು. ಯಂತ್ರ ಒಂದು ಸಲ ಕೆಮ್ಮಿ, ಹಳೆಯ ಉಣ್ಣೆಯ ಧೂಳನ್ನೆಲ್ಲ ಯೆನ್ಸರ ಮುಖಕ್ಕೆ ಉಗುಳಿ, ಓಡತೊಡಗಿತು. ಓಬಳಪ್ಪನವರು ಹಿಂಜಿದ ಉಣ್ಣೆಯನ್ನು ಬೆರಳಲ್ಲಿ ಉಜ್ಜಿ ನೋಡಿ, "ಪರ್ವಾಗಿಲ್ಲ, ಎಡಗೈಲಿ ಹಿಂಜ್ದಂಗೈತೆ," ಎಂದರು. ಅವರ ಬಾಯಲ್ಲಿ ಅದು ಹೊಗಳಿಕೆ.

ಆಮೇಲೆ ಸಿದ್ದಪ್ಪನವರು ತಾವೇ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು ಯೆನ್ಸರ ಮುಂದೆ ಹಿಡಿದರು. ಯೆನ್ಸ್ ಎರಡು ಹೆಜ್ಜೆ ಹಿಂದೆ ಸರಿದು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಈ ಸಲ ಏನು ಕೆಲಸ?" ಎಂದು ನನ್ನನ್ನು ಕೇಳಿದರು.

"ಯಾವ ಕೆಲಸವೂ ಇಲ್ಲ. ಇದು ಉಪಕಾರ ನೆನೆದು ಕೊಡುವ ಎಲೆ. ಅಷ್ಟೇ," ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಸಿಟ್ಟಿರಲಿಲ್ಲ. ಉಗ್ರಾಣದಲ್ಲಿ ಒಂದು ಸಾಮಾನು ಕಡಿಮೆ ಬಿದ್ದಾಗ ನೋಡುವ ಹಾಗೆ ನೋಡಿದರು.

"ಹೋದ ಸಲವೂ ನೀವು ಆಮೇಲೆ ತಾನೇ ಹೇಳಿದ್ದು?"

ನಾನು ಉತ್ತರ ಕೊಡುವಷ್ಟರಲ್ಲಿ ಅವರು ಸಿದ್ದಪ್ಪನವರ ಕೈಯಿಂದ ತಟ್ಟೆ ತೆಗೆದುಕೊಂಡು, ನೆಲದ ಮೇಲೆ ನಡುವೆ ಇಟ್ಟು, ಎಲ್ಲರೂ ಸುತ್ತ ಕೂರುವಂತೆ ಕೈಸನ್ನೆ ಮಾಡಿದರು. ಇದನ್ನು ತಾನು ತಿನ್ನಬೇಕೇ ಬೇಡವೇ ಎಂದು ಒಬ್ಬೊಬ್ಬರೂ ಹೇಳಬೇಕಂತೆ. ಒಬ್ಬರು ಒಪ್ಪದಿದ್ದರೂ ತಾನು ಮುಟ್ಟುವುದಿಲ್ಲವಂತೆ.

ನಮ್ಮವರಿಗೆ ಇದು ಬಹಳ ಹಿಡಿಸಿತು. ಜೀವಮಾನದಲ್ಲಿ ಕಟ್ಟೆಯ ಬಳಿ ಬಾಯಿ ಬಿಡದವರೂ ಮಾತಾಡಿದರು. ಒಬ್ಬರು ಸುಣ್ಣ ಹಚ್ಚಿದರೆ ಮಾತ್ರ ತಿನ್ನಲಿ ಎಂದರು. ಬಾವಿಯ ಹೂಳು ತೆಗೆಸದೆ ಹೊಂಗೆಮರಕ್ಕೆ ಒರಗಿ ನಿಂತಿದ್ದವರನ್ನೂ ಯೆನ್ಸ್ ಕೈ ತೋರಿಸಿ ಕೇಳಿದರು. ಅವರು ಎಷ್ಟೋ ಕಾಲದ ಮೇಲೆ ಸಭೆಯಲ್ಲಿ ಒಂದು ಮಾತಾಡಿದರು: "ತಿನ್ನಪ್ಪ. ಆದ್ರೆ ಮದ್ಲು ಕೇಳ್ಕಂಡಿದ್ದು ಒಳ್ಳೇದು ಮಾಡ್ದೆ."

ಓಬಳಪ್ಪನವರ ಸರದಿ ಬಂತು. "ತಿಂದ್ರೆ ತಿನ್ಲಿ. ನನ್ ಬಿಲ್ಲು ಮಾತ್ರ ಅಟ್ಟ ಸೇರಲ್ಲ, ಬರ್ಕಳ್ರಿ."

ಕೊನೆಗೆ ನನ್ನ ಸರದಿ. ಆವರೆಗೆ ನಾನು ಬೇರೆಯವರ ಮಾತನ್ನು ಆಚೆಯಿಂದೀಚೆಗೆ ಸಾಗಿಸಿದವಳು. ನನ್ನ ಅಭಿಪ್ರಾಯವನ್ನು ಎರಡು ದೇಶದಲ್ಲೂ ಯಾರೂ ಕೇಳಿರಲಿಲ್ಲ. ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ ಹೇಳಿದೆ. "ಅವತ್ತು ನಾನು ಹೇಳಿದ್ದು ಆಮೇಲೆಯೇ. ಮೊದಲಲ್ಲ."

ಯೆನ್ಸ್ ತಲೆಯಾಡಿಸಿ, ಬಗ್ಗಿ ವೀಳ್ಯ ಎತ್ತಿದರು. ಈ ಸಲ ಅಡಿಕೆಯನ್ನು ಕತ್ತರಿಸಿಕೊಡಿ ಎಂದು ಕೇಳಿ, ಸುಣ್ಣ ಹಚ್ಚಿಸಿಕೊಂಡು, ನಿಧಾನವಾಗಿ ಅಗಿದರು.

ಸಿದ್ದಪ್ಪನವರು ನನ್ನ ಕಡೆ ಬಾಗಿ ಸಣ್ಣ ದನಿಯಲ್ಲಿ ಹೇಳಿದರು.

"ಅದು ನಂಗೆ ಅವತ್ತೇ ಗೊತ್ತಿತ್ತು ಬಿಡ್ರಿ, ಸೆಕ್ರೆಟ್ರಮ್ಮ. ಮದ್ಲೇ ಹೇಳಿದ್ರೆ ಯಾರು ಎತ್ತಾರು?"

ಆ ರಾತ್ರಿಯೇ ಡೈರಿಯ ಆ ಪುಟವನ್ನು ತಿದ್ದಬೇಕೆಂದು ತೆರೆದೆ. ಅಕ್ಷರಗಳು ಅಷ್ಟು ದುಂಡಗೆ, ಅಷ್ಟು ನೆಮ್ಮದಿಯಿಂದ ಕೂತಿದ್ದವು. ಹೊಡೆದುಹಾಕಲು ಮನಸ್ಸು ಬರಲಿಲ್ಲ. ಕೆಳಗೆ ಒಂದು ಸಾಲು ಸೇರಿಸಿದೆ: 'ಇದು ಹೀಗೆ ನಡೆಯಲಿಲ್ಲ.' ಬರೆದವರು, ಓದಿ ಒಪ್ಪಿದವರು ಎಂದು ಎರಡು ಕಡೆ ರುಜು ಹಾಕಿದೆ. ಎರಡೂ ನನ್ನದೇ.